ಬಾದಾಮಿ ಕೆರೆಯ ಮೆಟ್ಟಿಲಿಗೆ ಎಷ್ಟು ಗಂಟೆಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸದ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುವವರಲ್ಲಿ ನಾನೂ ಒಬ್ಬಳು. ಸೀರೆ ಅಂಗಡಿಯವರು ಕೊಟ್ಟ ರಟ್ಟಿನ ಡಬ್ಬಿಯೊಂದು ಅದಕ್ಕೇ ಮೀಸಲು. ಆ ಪುಟದಲ್ಲಿ ಬೇಕಾದ್ದೆಲ್ಲ ಇರುತ್ತದೆ. ಬೆಂಗಳೂರಿನಿಂದ ಎಷ್ಟು ದೂರ, ರೈಲು ಎಲ್ಲಿಯವರೆಗೆ, ಊಟ ಎಲ್ಲಿ ಚೆನ್ನಾಗಿರುತ್ತದೆ, ಜೊತೆಗೆ ಇನ್ನೇನು ನೋಡಬಹುದು. ಮೇಲೆ ಒಂದು ದೊಡ್ಡ ಫೋಟೊ. ಆ ಫೋಟೊ ನೋಡಿಯೇ ನಾವು ಹೊರಡುವುದು. ಆದರೆ ಅದನ್ನು ಎಲ್ಲಿ ನಿಂತು, ಎಷ್ಟು ಹೊತ್ತಿಗೆ ತೆಗೆದರು ಅಂತ ಒಂದು ಸಾಲೂ ಇರುವುದಿಲ್ಲ. ನಾವು ಹೋಗುವುದು ಮಟಮಟ ಮಧ್ಯಾಹ್ನ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಗುಡಿಯ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡು ವಾಪಸ್. ಹೋದ ಪುಟ್ಟ ಬಂದ ಪುಟ್ಟ.

ಹೋದ ನವೆಂಬರಿನಲ್ಲಿ ಬಾದಾಮಿಗೆ ಹೋಗಿಬಂದ ಮೇಲೆ ಈ ಪತ್ರ ಬರೆಯಬೇಕು ಅನ್ನಿಸಿತು. ಅವತ್ತಿನಿಂದ ಇವತ್ತಿನವರೆಗೆ ಸೊಸೈಟಿಯ ಲೆಕ್ಕ ಮುಗಿಯಲಿಲ್ಲ, ಪತ್ರವೂ ಆಗಲಿಲ್ಲ. ತಿಪಟೂರಿನ ಒಂದು ಸಹಕಾರ ಸಂಘದಲ್ಲಿ ನಾನು ಗುಮಾಸ್ತೆ. ನನಗೆ ಸಿಕ್ಕಿದ್ದು ಒಂದು ಶನಿವಾರ, ಒಂದು ಭಾನುವಾರ. ಜೊತೆಗೆ ಬಂದದ್ದು ನನ್ನ ನಾದಿನಿ. ಕ್ಯಾಮೆರಾ ನನ್ನ ತಮ್ಮನದು. ಅವನು ಹೊಸದು ಕೊಂಡಾಗ ಹಳೆಯದನ್ನು ಅಕ್ಕನಿಗೆ ದಾಟಿಸಿದ. ಕ್ಯಾಮೆರಾ ಜೊತೆಗೇ ಬರುವ ಮಾಮೂಲಿ 18-55 ಲೆನ್ಸ್ ಒಂದೇ. ಅದರ ಮುಚ್ಚಳದ ಕಥೆ ಮುಂದೆ ಹೇಳುತ್ತೇನೆ.

ಹೊರಡುವ ಮೊದಲೇ ನಮ್ಮಿಬ್ಬರಿಗೂ ಜಗಳ. ನಾದಿನಿಯ ಮೊಬೈಲಿನಲ್ಲಿ ಪಟ್ಟಿ ಸಿದ್ಧವಾಗಿತ್ತು. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಸಾಧ್ಯವಾದರೆ ಕೂಡಲಸಂಗಮ. ‘ಅತ್ತಿಗೆ, ಅಷ್ಟು ದೂರ ಹೋಗಿ ಪಟ್ಟದಕಲ್ಲು ನೋಡದೆ ಬಂದರೆ ಜನ ಏನಂತಾರೆ? ಬಾದಾಮಿಯಿಂದ ಬರೀ 22 ಕಿಲೋಮೀಟರ್’ ಅಂದಳು. ನಾನು ಕೇಳಿದ್ದು ಒಂದೇ. ಎರಡು ದಿನವೂ ಒಂದೇ ಕೆರೆಯ ಸುತ್ತ ಇರೋಣ. ಅದೇ ಕೆರೆ, ಬೇರೆ ಬೇರೆ ಹೊತ್ತು. ಅವಳು ಒಪ್ಪಿದಳು ಅನ್ನುವುದಕ್ಕಿಂತ ಸುಮ್ಮನಾದಳು ಅನ್ನಬೇಕು. ಇವತ್ತಿಗೂ ಮನೆಗೆ ಯಾರಾದರೂ ಬಂದರೆ ‘ನಮ್ಮ ಅತ್ತಿಗೆ ಪಟ್ಟದಕಲ್ಲು ತಪ್ಪಿಸಿದರು’ ಅಂತಲೇ ಅವಳ ಮಾತು ಶುರು.

ಬಾದಾಮಿ ನೋಡದವರಿಗಾಗಿ ಊರಿನ ನಕ್ಷೆ ಹೇಳಿಬಿಡುತ್ತೇನೆ. ನಡುವೆ ಅಗಸ್ತ್ಯ ತೀರ್ಥ ಅನ್ನುವ ಕೆರೆ. ಪಡುವಣಕ್ಕೆ ಊರು, ಊರಿನ ಬೆನ್ನಿಗೇ ಕೆರೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ತೆಂಕಣ ಗುಡ್ಡದಲ್ಲಿ ಗುಹಾಲಯಗಳು. ಬಡಗಣ ಗುಡ್ಡದ ಮೇಲೆ ಕೋಟೆ, ಶಿವಾಲಯಗಳು, ಬುಡದಲ್ಲಿ ಮ್ಯೂಸಿಯಂ. ಮೂಡಣದ ತುದಿಯಲ್ಲಿ, ನೀರಿಗೆ ಕಾಲು ಇಳಿಬಿಟ್ಟು ಕೂತ ಹಾಗೆ, ಭೂತನಾಥನ ಗುಡಿ. ಅದರ ಮುಖ ಕೆರೆಯ ಕಡೆಗೆ, ಅಂದರೆ ಪಡುವಣಕ್ಕೆ. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಬೆಳಿಗ್ಗೆ ಸೂರ್ಯ ಗುಡಿಯ ಬೆನ್ನಿಗೆ, ಸಂಜೆ ಗುಡಿಯ ಮುಖಕ್ಕೆ. ನನಗೆ ಇದು ಗೊತ್ತಾದದ್ದು ಬೆಳಗಿನ ಹತ್ತು ಫೋಟೊ ಕಪ್ಪಾದ ಮೇಲೆ.

ಶನಿವಾರ ಬೆಳಗಾಗುವ ಮುಂಚೆ ರೈಲು ಇಳಿದೆವು. ಸ್ಟೇಷನ್ನಿನಿಂದ ಊರು ಸುಮಾರು 5 ಕಿಲೋಮೀಟರ್. ಬಸ್ ಸ್ಟ್ಯಾಂಡ್ ಹತ್ತಿರ ರೂಮು ಹಿಡಿದು, ಮುಖ ತೊಳೆದು, ಚಹಾ ಕುಡಿದು ಕೆರೆಯ ಹತ್ತಿರ ಬಂದಾಗ ಏಳೂವರೆ. ಮೆಟ್ಟಿಲ ಮೇಲೆ ಆಗಲೇ ಏಳೆಂಟು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಡಿದ ಸದ್ದು ಆ ಕಡೆಯ ಗುಡ್ಡಕ್ಕೆ ಹೋಗಿ ತಾಗಿ ವಾಪಸ್ ಬರುತ್ತಿತ್ತು. ಬಡಿದದ್ದು ಒಂದು ಸಲ, ಕೇಳಿಸುವುದು ಎರಡು ಸಲ. ಕೆಂಪು ಬಂಡೆ, ಹಸಿರು ನೀರು, ಮೆಟ್ಟಿಲ ಮೇಲೆ ಹರವಿದ ಬಣ್ಣಬಣ್ಣದ ಸೀರೆ. ಇದಕ್ಕಿಂತ ಫೋಟೊ ಬೇಕಾ? ನಾನು ಕ್ಯಾಮೆರಾ ಎತ್ತಿ ಒಂದು, ಎರಡು, ಮೂರು ಅಂತ ಹೊಡೆದೆ.

ತುದಿಯ ಮೆಟ್ಟಿಲಿನ ಹೆಂಗಸು ತಿರುಗಿದರು. ಮಂಡಿಯವರೆಗೆ ಸೀರೆ ಎತ್ತಿ ಕಟ್ಟಿದ್ದರು. ಕೈಯಲ್ಲಿ ಗಂಡಸರ ಪ್ಯಾಂಟು, ಪಕ್ಕದಲ್ಲಿ ಹಸಿರು ಬಕೆಟ್ಟು. ‘ನಮ್ಮನ್ಯಾಕ್ ತಗೀತೀರಿ ಅಕ್ಕಾರ? ಗುಡಿ ತಗೀರಿ, ಗುಡಿ ಅಲ್ಲೈತಿ’ ಅಂದರು. ಸಿಟ್ಟಿನಿಂದಲ್ಲ. ಆದರೆ ನಗುತ್ತಲೂ ಅಲ್ಲ.

ನನಗೆ ನಾಚಿಕೆಯಾಯಿತು. ನಮ್ಮ ಮನೆಯ ಹಿತ್ತಲಿನಲ್ಲಿ ನಾನು ಸೀರೆ ಎತ್ತಿ ಕಟ್ಟಿ ಬಟ್ಟೆ ಒಗೆಯುವಾಗ ಯಾರಾದರೂ ಕಾಂಪೌಂಡಿನ ಆಚೆಯಿಂದ ಕ್ಯಾಮೆರಾ ತೋರಿಸಿದರೆ ನಾನು ಸುಮ್ನೆ ಬಿಡುತ್ತಿದ್ದೆನಾ? ಆ ಮೂರೂ ಫೋಟೊಗಳನ್ನು ಅವರ ಮುಂದೆಯೇ ಅಳಿಸಿದೆ. ಕ್ಯಾಮೆರಾದ ಹಿಂದಿನ ಪರದೆ ತೋರಿಸಿ ‘ನೋಡಿ, ಹೋಯ್ತು’ ಅಂದೆ. ಅವರು ಕೈ ಒರೆಸಿಕೊಂಡು ಬಂದು ನಿಜವಾಗಿಯೂ ನೋಡಿದರು. ಆಮೇಲೆ ಉಳಿದ ಫೋಟೊಗಳನ್ನೂ ನೋಡಬೇಕು ಅಂದರು. ಒಂದೊಂದಾಗಿ ತೋರಿಸಿದೆ. ಭೂತನಾಥನ ಗುಡಿ ಕಪ್ಪು ಮುದ್ದೆಯ ಹಾಗೆ ಬಂದಿತ್ತು. ಅದರ ಹಿಂದೆ ಆಕಾಶ ಬೆಳ್ಳಗೆ. ಕೆಳಗೆ ನೀರಿನಲ್ಲಿ ಗುಡಿಯ ನೆರಳು ಚೂರುಚೂರು.

‘ಇದು ಹಿಂಗ ಬರಾಕ ನಾವ ಕಾರಣ’ ಅಂತ ನಕ್ಕರು ಈಗ. ‘ನಾವು ಅರಬಿ ಒಗ್ಯಾಕ ಇಳದ್ವಿ ಅಂದ್ರ ನೀರು ನಿಂದ್ರಂಗಿಲ್ರಿ. ನಾಳೆ ನಮಕಿಂತ ಮೊದ್ಲ ಬರ್ರಿ. ಕೆರಿ ಕನ್ನಡಿ ಆಗಿರ್ತೈತಿ.’

ಸಂಪಾದಕರೇ, ಯಾವ ಪ್ರವಾಸದ ಪುಟದಲ್ಲೂ, ಯಾರ ಮೊಬೈಲಿನ ಪಟ್ಟಿಯಲ್ಲೂ ನನಗೆ ಸಿಗದ ಮಾತು ಇದು. ಕೆರೆಯ ನೀರು ಯಾವಾಗ ಅಲುಗಾಡುತ್ತದೆ, ಯಾವಾಗ ನಿಲ್ಲುತ್ತದೆ ಅಂತ ದಿನಾ ಅದರೊಳಗೆ ಕಾಲಿಡುವವರಿಗೆ ಗೊತ್ತಿರುತ್ತದೆ. ಅವರನ್ನು ಕೇಳುವುದು ಬಿಟ್ಟು ನಾವು ಅವರ ಫೋಟೊ ತೆಗೆಯುತ್ತೇವೆ.

ಮಧ್ಯಾಹ್ನ ಗುಹೆಗಳಿಗೆ ಹೋದೆವು. ಇದು ಮಾತ್ರ ಅದೃಷ್ಟಕ್ಕೆ ಸರಿಯಾದ ಹೊತ್ತಾಯಿತು. ಗುಹೆಗಳ ಬಾಯಿ ಬಡಗಣಕ್ಕೆ, ಕೆರೆಯ ಕಡೆಗೆ. ನೆತ್ತಿಯ ಬಿಸಿಲು ಒಳಗೆ ನುಗ್ಗುವುದಿಲ್ಲ. ಎದುರಿನ ಅಂಗಳಕ್ಕೆ ಬಿದ್ದ ಬೆಳಕು ಮೆತ್ತಗೆ ಒಳಗೆ ಹರಡುತ್ತದೆ. ನೆಲದಿಂದ ಚಾವಣಿಗೆ ಬೆಳಕು ಹೋಗುವ ಆ ಹೊತ್ತಿನಲ್ಲಿ ಮೂರನೆಯ ಗುಹೆಯ ಆದಿಶೇಷನ ಮೇಲೆ ಕೂತ ವಿಷ್ಣುವಿನ ಮುಖ, ಕಂಬಗಳ ಮೇಲಿನ ಜೋಡಿಗಳು, ಎಲ್ಲ ಸಮನಾಗಿ ಕಾಣುತ್ತವೆ. ಇಲ್ಲಿ ಚಾಲುಕ್ಯರ ಮಂಗಳೇಶ ಹಾಕಿಸಿದ ಶಾಸನ ಇದೆ, ಕ್ರಿ.ಶ. 578ರದು. ಹೊರಗೆ ಬಿಸಿಲು ಕಾಯುವಾಗ ಎರಡು ಗಂಟೆ ಇಲ್ಲೇ ಕಳೆಯಬಹುದು. ಹೊರಗಿನ ಫೋಟೊ ಆ ಹೊತ್ತಿನಲ್ಲಿ ಹೇಗೂ ಚೆನ್ನಾಗಿ ಬರುವುದಿಲ್ಲ.

ಮೊದಲನೆಯ ಗುಹೆಯ ನಟರಾಜನ ಮುಂದೆ ಮಾತ್ರ ಸಾಲು. ಹದಿನೆಂಟು ಕೈಗಳ ನಟರಾಜ ಅಲ್ವಾ, ಎಲ್ಲರಿಗೂ ಅದರ ಪಕ್ಕ ನಿಂತು ಹಾಗೇ ಕೈ ಮಾಡಬೇಕು. ಮುಂದಿದ್ದ ಕಾಲೇಜು ಹುಡುಗರು ಒಬ್ಬರ ಹಿಂದೆ ಒಬ್ಬರು ನಿಂತು ಕೈ ಚಾಚಿ ಹದಿನೆಂಟು ಮಾಡಲು ನೋಡಿದರು. ಒಂಬತ್ತು ಜನ ಬೇಕು, ಇದ್ದದ್ದು ಏಳು. ನಾದಿನಿ ಹೋಗಿ ಸೇರಿಕೊಂಡಳು. ಆದರೂ ಎರಡು ಕೈ ಕಡಿಮೆ. ‘ಅತ್ತಿಗೆ, ನೀವೂ ಬನ್ನಿ’ ಅಂದಳು. ಹೋದರೆ ಫೋಟೊ ತೆಗೆಯುವವರು ಯಾರು?

ಗುಹೆಗಳ ಕಡೆ ಕೋತಿಗಳ ಹಾವಳಿ ಗೊತ್ತಿದ್ದೂ ಮೋಸ ಹೋದೆ. ಲೆನ್ಸಿನ ಮುಚ್ಚಳ ತೆಗೆದು ಕಟ್ಟೆಯ ಮೇಲೆ ಇಟ್ಟಿದ್ದೆ. ದುಂಡಗೆ, ಕಪ್ಪಗೆ ಇತ್ತು. ಬಿಸ್ಕತ್ತು ಅಂದುಕೊಂಡಿತೋ ಏನೋ. ಎತ್ತಿಕೊಂಡು ಹೋಗಿ ಮೇಲಿನ ಬಂಡೆಯ ಮೇಲೆ ಕೂತು, ಕಚ್ಚಿ ನೋಡಿ, ಮುಖ ಕಿವುಚಿ, ತಿರುಗಿಸಿ ಇನ್ನೊಂದು ಕಡೆ ಕಚ್ಚಿತು. ಶೇಂಗಾ ಮಾರುವ ಹುಡುಗನೊಬ್ಬ ನನ್ನ ಕೈಯಿಂದ ಹತ್ತು ರೂಪಾಯಿ ಶೇಂಗಾ ಕೊಳ್ಳುವಂತೆ ಮಾಡಿ, ಅದರಲ್ಲಿ ನಾಲ್ಕು ಕಾಳು ಎಸೆದು, ಮುಚ್ಚಳ ಕೆಳಗೆ ಬೀಳಿಸಿದ. ಉಳಿದ ಶೇಂಗಾ ನಾದಿನಿ ತಿಂದಳು. ಮುಚ್ಚಳದ ಮೇಲೆ ಎರಡು ಹಲ್ಲಿನ ಗುರುತು ಈಗಲೂ ಇದೆ. ಬಾದಾಮಿಯಿಂದ ನಾನು ತಂದ ನೆನಪಿನ ಕಾಣಿಕೆ ಅದೇ.

ನಾಲ್ಕನೆಯ ಗುಹೆಯ ಮುಂದೆ ನಿಂತರೆ ಇಡೀ ಕೆರೆ ಕೆಳಗೆ ಕಾಣುತ್ತದೆ. ಬಲಕ್ಕೆ ದೂರದಲ್ಲಿ ಭೂತನಾಥ, ಎಡಕ್ಕೆ ಊರಿನ ಬಿಳಿ ತಾರಸಿಗಳು. ಇಲ್ಲಿ ನಾನು ಫೋಟೊಗಿಂತ ಲೆಕ್ಕ ಹಾಕಿದ್ದು ಜಾಸ್ತಿ. ಸೂರ್ಯ ಎಲ್ಲಿದ್ದಾನೆ, ಸಂಜೆ ಎಲ್ಲಿ ಇಳಿಯುತ್ತಾನೆ, ಯಾವ ಗುಡ್ಡದ ನೆರಳು ಯಾವ ಕಡೆ ಬರುತ್ತದೆ. ಕೆರೆಯ ಊರಿಗೆ ಹೋದವರು ಮೊದಲು ಒಂದು ಎತ್ತರದ ಜಾಗ ಹುಡುಕಿ ಹತ್ತು ನಿಮಿಷ ಸುಮ್ನೆ ಕೂರಬೇಕು ಅನ್ನುವುದು ನನ್ನ ಅನುಭವ. ಬೆಳಗಿನಿಂದ ಓಡಾಡಿದರೂ ತಿಳಿಯದ್ದು ಅಲ್ಲಿ ತಿಳಿಯಿತು.

ಮ್ಯೂಸಿಯಂ ನೋಡಿದೆವು. ಒಳಗೆ ಕ್ಯಾಮೆರಾ ಚೀಲದಲ್ಲೇ. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಅನ್ನುವ ಫಲವಂತಿಕೆಯ ದೇವಿಯ ಮೂರ್ತಿಯ ಮುಂದೆ ನಾದಿನಿ ಬಹಳ ಹೊತ್ತು ನಿಂತಳು. ಏನೂ ಮಾತಾಡಲಿಲ್ಲ.

ಅಲ್ಲಿಂದ ಕೆರೆಯ ಬಡಗಣ ದಂಡೆ ಹಿಡಿದು ನಡೆದರೆ ಭೂತನಾಥ. ನಾವು ಮುಟ್ಟಿದಾಗ ನಾಲ್ಕೂಮುಕ್ಕಾಲು. ನವೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗಿಬಿಡುತ್ತದೆ. ಐದರ ಸುಮಾರಿಗೆ ಬಂಡೆಯ ಬಣ್ಣ ಬದಲಾಗತೊಡಗಿತು. ಮಧ್ಯಾಹ್ನ ಬರೀ ಇಟ್ಟಿಗೆ ಬಣ್ಣದ್ದು, ಈಗ ಅರಿಶಿನಕ್ಕೆ ಸುಣ್ಣ ಹಾಕಿ ಕಲಸುವಾಗ ಮೊದಲು ಒಂದು ಕೆಂಪು ಏಳುತ್ತದಲ್ಲ, ಓಕುಳಿಯ ನೀರಿನ ಕೆಂಪು, ಆ ಬಣ್ಣ. ಗುಡಿಯ ಮಂಟಪದ ತುಂಬ ಜನ. ಎಲ್ಲರೂ ಮೊಬೈಲ್ ಎತ್ತಿ ಮುಳುಗುವ ಸೂರ್ಯನನ್ನು ಹಿಡಿಯುತ್ತಿದ್ದರು. ಸೂರ್ಯ ತಿಪಟೂರಿನಲ್ಲೂ ಮುಳುಗುತ್ತಾನೆ. ಅವರ ಬೆನ್ನ ಹಿಂದೆ, ಮಂಟಪದ ನೆಲದ ಮೇಲೆ, ಕಂಬಗಳ ನೆರಳು ಉದ್ದವಾಗಿ ಗರ್ಭಗುಡಿಯ ಬಾಗಿಲ ಕಡೆಗೆ ಚಾಚಿತ್ತು. ನೆರಳು ಮತ್ತು ಬಿಸಿಲು ಪಟ್ಟೆಪಟ್ಟೆಯಾಗಿ, ಇಳಕಲ್ ಸೀರೆಯ ಅಂಚಿನ ಹಾಗೆ. ನಾನು ಸೂರ್ಯನಿಗೆ ಬೆನ್ನು ಹಾಕಿ ಅದನ್ನು ತೆಗೆದೆ. ಇಪ್ಪತ್ತು ನಿಮಿಷ ಇರಬಹುದು. ಆಮೇಲೆ ಯಾರೋ ದೀಪ ಆರಿಸಿದ ಹಾಗೆ ಎಲ್ಲ ಬೂದಿ ಬಣ್ಣ.

ಗುಡಿಯ ಹಿಂದೆಯೂ ಒಂದು ಸುತ್ತು ಹೋಗಬೇಕು. ಅಲ್ಲಿ ಬಂಡೆಯಲ್ಲೇ ಕೊರೆದ ವರಾಹ, ತ್ರಿಮೂರ್ತಿಗಳು, ಒಂದು ಪುಟ್ಟ ಗುಡಿಯೊಳಗೆ ಅನಂತಶಯನ. ಮುಂದಿನ ಮಂಟಪದಲ್ಲಿ ಕಾಲಿಡಲು ಜಾಗ ಇಲ್ಲದಿದ್ದಾಗ ಇಲ್ಲಿ ಇದ್ದದ್ದು ನಾವಿಬ್ಬರು ಮತ್ತು ಒಂದು ನಾಯಿ. ಬೆಳಕು ಕಡಿಮೆ. ಟ್ರೈಪಾಡ್ ಇಟ್ಟು ತೆಗೆಯಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಕ್ಕೆಲ್ಲ ಯಾರು ಓಡಾಡುತ್ತಾರೆ? ನಾನು ಹಳೆಯ ರವಿಕೆ ಬಟ್ಟೆಯಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡ ಚೀಲ ಹೊಲಿದು ಅರ್ಧ ಕೆಜಿ ಹೆಸರುಕಾಳು ತುಂಬಿಕೊಂಡು ಹೋಗಿದ್ದೆ. ನೆಲದ ಮೇಲೆ ಚೀಲ, ಅದರ ಮೇಲೆ ಕ್ಯಾಮೆರಾ, ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆದರೆ ಸಾಕು, ಅಲುಗಾಡುವುದಿಲ್ಲ. ವಾಪಸ್ ಬಂದ ಮೇಲೆ ಆ ಹೆಸರುಕಾಳಿನಲ್ಲಿ ಪಾಯಸವೂ ಆಯಿತು.

ರಾತ್ರಿ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಬಡಿಸುವವರು ಬೇಡ ಅಂದರೂ ಇನ್ನೊಂದು ರೊಟ್ಟಿ ಹಾಕಿದರು. ವಾತಾಪಿ, ಇಲ್ವಲರ ಕಥೆ ನಡೆದದ್ದು ಇದೇ ಊರಿನಲ್ಲಿ ಅನ್ನುತ್ತಾರಲ್ಲ. ಅಗಸ್ತ್ಯರು ಹೊಟ್ಟೆ ಸವರಿಕೊಂಡು ವಾತಾಪಿಯನ್ನು ಜೀರ್ಣ ಮಾಡಿಕೊಂಡ ಊರು. ರೂಮಿಗೆ ನಡೆಯುವಾಗ ನಾದಿನಿ ದಾರಿಯುದ್ದಕ್ಕೂ ‘ವಾತಾಪಿ ಜೀರ್ಣೋಭವ’ ಅಂತ ಹೊಟ್ಟೆ ಸವರಿಕೊಂಡಳು.

ಭಾನುವಾರ. ನಿಮ್ಮ ಪತ್ರಿಕೆಯ ಪಂಚಾಂಗದ ಮೂಲೆಯಲ್ಲಿ ಸೂರ್ಯೋದಯದ ಸಮಯ ಅಚ್ಚಾಗುತ್ತದೆ ಅಲ್ವಾ, ಅದನ್ನು ನೋಡಿಕೊಂಡೇ ಅಲಾರಂ ಇಟ್ಟಿದ್ದೆ. ಎರಡು ಪಾಠ ಕಲಿತೆ. ಒಂದು, ಬಾದಾಮಿ ಬೆಂಗಳೂರಿಗಿಂತ ಪಡುವಣಕ್ಕಿದೆ, ಹಾಗಾಗಿ ಬೆಂಗಳೂರಿನ ಲೆಕ್ಕಕ್ಕಿಂತ ಕೆಲವು ನಿಮಿಷ ತಡವಾಗಿ ಬೆಳಗಾಗುತ್ತದೆ. ಇನ್ನೊಂದು, ಪಂಚಾಂಗದ ಸೂರ್ಯ ಬೇರೆ, ಗುಡ್ಡದ ಸೂರ್ಯ ಬೇರೆ. ಮೂಡಣದ ಗುಡ್ಡ ದಾಟಿ ಅವನು ಕೆರೆಯ ಮೇಲೆ ಬರಲು ಇನ್ನೂ ಹೊತ್ತು ಬೇಕು. ಈ ಎರಡರ ನಡುವೆ ಒಂದು ಬಿಡುವು ಸಿಗುತ್ತದೆ. ಬೆಳಕು ಇರುತ್ತದೆ, ಬಿಸಿಲು ಇರುವುದಿಲ್ಲ. ಗಾಳಿಯೂ ಎದ್ದಿರುವುದಿಲ್ಲ. ನನಗೆ ಬೇಕಾದ ಹೊತ್ತು ಅದೇ ಆಗಿತ್ತು.

ಆರೂಕಾಲಿಗೆ ಮೆಟ್ಟಿಲ ಮೇಲೆ ಇದ್ದೆವು. ಯಾರೂ ಇರಲಿಲ್ಲ. ಆ ಹೆಂಗಸು ಹೇಳಿದ್ದು ಅಕ್ಷರಶಃ ನಿಜ. ಕೆರೆ ಕನ್ನಡಿಯಾಗಿತ್ತು. ಎದುರು ದಂಡೆಯ ಭೂತನಾಥ ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದ. ಶಿಖರದ ಒಂದೊಂದು ಅಂತಸ್ತೂ ಎಣಿಸಬಹುದು. ಮೊದಲು ನಿಂತು ತೆಗೆದೆ. ನಾದಿನಿ ಪರದೆ ನೋಡಿ ‘ಗುಡಿ ಎಲ್ಲಿ ಅತ್ತಿಗೆ? ಇರುವೆ ಕೂತ ಹಾಗಿದೆ’ ಅಂದಳು. ನಿಜ, ನನ್ನ ಲೆನ್ಸಿಗೆ ಅಷ್ಟು ದೂರ ಎಳೆಯುವ ಶಕ್ತಿ ಇಲ್ಲ. ಆಗ ಒಗೆಯುವವರು ಕೂರುವ ಕೊನೆಯ ಮೆಟ್ಟಿಲಿಗೆ ಇಳಿದು, ಹೆಸರುಕಾಳಿನ ಚೀಲ ನೀರಿನ ಅಂಚಿಗೆ ಇಟ್ಟು, ಅದರ ಮೇಲೆ ಕ್ಯಾಮೆರಾ ಇಟ್ಟೆ. ನೋಡುವ ಕಣ್ಣು ನೀರಿನ ಮಟ್ಟಕ್ಕೆ ಇಳಿದ ಕೂಡಲೇ ಚಿತ್ರವೇ ಬೇರೆ. ಹತ್ತಿರದ ಒದ್ದೆ ಕಲ್ಲು ದೊಡ್ಡದಾಗಿ, ಅದರ ಮೇಲೆ ಸೋಪಿನ ಬಿಳಿ ಕಲೆ, ಆಮೇಲೆ ನೀರು, ನೀರಿನಲ್ಲಿ ಕೆಂಪು ಗುಡ್ಡ, ಆಚೆ ತುದಿಯಲ್ಲಿ ಪುಟ್ಟ ಗುಡಿ. ಗುಡಿ ಇರುವೆಯಷ್ಟೇ ಇತ್ತು. ಆದರೆ ಈಗ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಹಿಂದಿನ ದಿನ ಕಪ್ಪು ಮುದ್ದೆಯಾಗಿದ್ದದ್ದೂ ಸರಿಹೋಯಿತು. ಸೂರ್ಯ ಇನ್ನೂ ಗುಡ್ಡದ ಹಿಂದೆ ಇದ್ದನಲ್ಲ, ಆಕಾಶಕ್ಕೂ ಗುಡಿಗೂ ಬೆಳಕಿನಲ್ಲಿ ಅಷ್ಟೊಂದು ಅಂತರ ಇರಲಿಲ್ಲ.

ಹದಿನೈದು ನಿಮಿಷಕ್ಕೆ ಹಸಿರು ಬಕೆಟ್ಟು ಬಂತು. ನಮ್ಮನ್ನು ನೋಡಿ, ‘ಸಿಕ್ತೇನ್ರಿ?’ ಅಂದರು. ತೋರಿಸಿದೆ. ಬಹಳ ಹೊತ್ತು ನೋಡಿದರು. ಅವರ ಕಣ್ಣು ನಿಂತದ್ದು ಗುಡಿಯ ಮೇಲಲ್ಲ, ಹತ್ತಿರದ ಕಲ್ಲಿನ ಮೇಲೆ. ‘ಇದು ನನ್ ಕಲ್ರಿ’ ಅಂದರು. ಮದುವೆಯಾಗಿ ಬಂದಾಗಿನಿಂದ ಅದೇ ಕಲ್ಲಿನ ಮೇಲೆ ಒಗೆಯುತ್ತಿದ್ದಾರಂತೆ. ಆಮೇಲೆ ಸೆರಗು ಸರಿಮಾಡಿಕೊಂಡು, ಕೂದಲು ನೇವರಿಸಿಕೊಂಡು, ಬಕೆಟ್ಟನ್ನು ಪಕ್ಕಕ್ಕೆ ಇಟ್ಟು, ‘ಈಗ ತಗೀರಿ’ ಅಂತ ಆ ಕಲ್ಲಿನ ಮೇಲೆ ನಿಂತರು. ನೆಟ್ಟಗೆ, ರೇಷನ್ ಕಾರ್ಡಿಗೆ ನಿಂತ ಹಾಗೆ. ತೆಗೆದೆ. ಬಕೆಟ್ಟೂ ಸೇರಿಸಿಯೇ ತೆಗೆದೆ. ಅದನ್ನು ನೋಡಿ ‘ಬಕೀಟ ಯಾಕ ಹಾಕಿದ್ರಿ’ ಅಂತ ಒಂದು ಆಕ್ಷೇಪಣೆ ಬಂತು.

ಆಮೇಲಿನ ಭಾನುವಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಮ್ಯೂಸಿಯಂ ಪಕ್ಕದಿಂದ ಬಂಡೆಗಳ ನಡುವಿನ ಇಕ್ಕಟ್ಟಿನ ದಾರಿ ಹತ್ತಿ ಬಡಗಣ ಕೋಟೆಗೆ ಹೋದೆವು. ಒಂದನೆಯ ಪುಲಿಕೇಶಿ ಕೋಟೆ ಕಟ್ಟಿಸಿದ ಶಾಸನ 543ರದು. ಮೇಲಿನಿಂದ ಊರು, ಕೆರೆ, ಎದುರಿನ ಗುಹೆಗಳು ಎಲ್ಲ ಒಂದೇ ನೋಟಕ್ಕೆ. ಕೋಟೆಗಿಂತ ಆ ಇಕ್ಕಟ್ಟಿನ ದಾರಿಯೇ ನನಗೆ ಇಷ್ಟವಾಯಿತು. ಎರಡೂ ಕಡೆ ಕೆಂಪು ಗೋಡೆ, ಮೇಲೆ ಆಕಾಶದ ಒಂದು ಸೀಳು. ನಡೆಯುವವರು ಯಾರೇ ಆಗಲಿ, ಸಣ್ಣವರಾಗಿ ಕಾಣುತ್ತಾರೆ. ನಾದಿನಿಯ ಒಳ್ಳೆಯ ಫೋಟೊ ಸಿಕ್ಕಿದ್ದು ಇಲ್ಲೇ. ಅವಳ ವಾಟ್ಸ್ಆ್ಯಪ್‌ನಲ್ಲಿ ಈಗಲೂ ಅದೇ ಇದೆ. ಪಟ್ಟದಕಲ್ಲಿನ ಸಿಟ್ಟು ಅಷ್ಟರಮಟ್ಟಿಗೆ ಇಳಿದಿದೆ.

ಕೆರೆಯ ಈಶಾನ್ಯದ ಕಡೆಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನ ನೋಡಬೇಕು ಅನ್ನುವುದು ನನ್ನ ಹಠ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವಲ್ಲ, ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’. ಕ್ರಿ.ಶ. 700ರ ಆಸುಪಾಸಿನದು, ಕನ್ನಡದ ತ್ರಿಪದಿ ಮೊದಲು ಸಿಗುವುದು ಇಲ್ಲಿ. ಹೋಗಿ ನಿಂತಾಗ ಹೊತ್ತು ಏರಿತ್ತು. ಚಪ್ಪಟೆ ಬೆಳಕಿನಲ್ಲಿ ಅಕ್ಷರಗಳು ಬಂಡೆಯೊಳಗೆ ಕರಗಿಹೋಗಿದ್ದವು. ಕೆತ್ತಿದ ಅಕ್ಷರಕ್ಕೆ ಓರೆ ಬೆಳಕು ಬೇಕು, ಗುಳಿಯಲ್ಲಿ ನೆರಳು ಕೂತರೆ ಮಾತ್ರ ಅಕ್ಷರ ಏಳುತ್ತದೆ. ಇದು ಗೊತ್ತಿದ್ದೂ ತಪ್ಪು ಹೊತ್ತಿಗೆ ಹೋದೆ. ಫೋಟೊ ಸರಿಯಾಗಲಿಲ್ಲ. ಬಾಯಿಪಾಠ ಇದ್ದದ್ದರಿಂದ ಓದಿದ ಹಾಗೆ ಮಾಡಿದೆ, ನಾದಿನಿ ನಂಬಿದಳು.

ಮಧ್ಯಾಹ್ನ ಬನಶಂಕರಿಗೆ ಹೋಗಿ ಹಣ್ಣುಕಾಯಿ ಮಾಡಿಸಿ ಬಂದೆವು. ಅಲ್ಲಿನ ಹರಿದ್ರಾ ತೀರ್ಥದ ಸುತ್ತಲಿನ ಕಲ್ಲುಕಂಬಗಳ ಸಾಲು ಚೆಂದ. ರಾತ್ರಿ ರೈಲು.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಪ್ರವಾಸದ ಪುಟದಲ್ಲಿ ಒಂದು ಊರಿನ ಬಗ್ಗೆ ಬರೆದಾಗ ಕೊನೆಗೆ ಮೂರು ಸಾಲು ಸೇರಿಸಿ. ಗುಡಿಯೋ ಕೆರೆಯೋ ಯಾವ ದಿಕ್ಕಿಗೆ ಮುಖ ಮಾಡಿದೆ, ಎಷ್ಟು ಹೊತ್ತಿಗೆ ಎಲ್ಲಿ ನಿಂತರೆ ಚೆನ್ನ, ಯಾವ ತಿಂಗಳಲ್ಲಿ ನೀರಿರುತ್ತದೆ. ತಿಂಗಳು ಯಾಕೆ ಅಂದರೆ, ಮಳೆಗಾಲ ಮುಗಿದ ಮೇಲೆ ತುಂಬಿದ ಕೆರೆಯ ಫೋಟೊ ಹಾಕಿ ಬೇಸಿಗೆ ರಜೆಯ ಹೊತ್ತಿಗೆ ಲೇಖನ ಬಂದರೆ, ಮಕ್ಕಳನ್ನು ಕಟ್ಟಿಕೊಂಡು ಹೋದವರಿಗೆ ಸಿಗುವುದು ಇಳಿದ ನೀರು, ಪಾಚಿ ಮತ್ತು ಬಿಸಿಲು. ‘ಸೆಲ್ಫಿ ಪಾಯಿಂಟ್’ ಅಂತ ಮಾತ್ರ ದಯವಿಟ್ಟು ಬರೆಯಬೇಡಿ. ಬರೆದರೆ ಮರುವಾರ ಎಲ್ಲರೂ ಅದೇ ಕಲ್ಲಿನ ಮೇಲೆ ನಿಂತಿರುತ್ತಾರೆ. ಆ ಕಲ್ಲು ಯಾರದೋ ಬಟ್ಟೆ ಒಗೆಯುವ ಕಲ್ಲಾಗಿರಬಹುದು.

ಇದು ಬಾದಾಮಿಯ ವಿಷಯ ಮಾತ್ರ ಅಲ್ಲ. ನಮಗೆ ಹತ್ತಿರದ ಹಳೇಬೀಡನ್ನೇ ನೋಡಿ. ಹೊಯ್ಸಳೇಶ್ವರನ ಗುಡಿಗೆ ಪೂರ್ವದ ಬಾಗಿಲು. ಮುಂಬಾಗಿಲಿನ ಕೆತ್ತನೆಗೆ ಬೆಳಗಿನ ಬಿಸಿಲೇ ಬೇಕು. ನಾನು ಇಲ್ಲಿಯವರೆಗೆ ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಬೇಲೂರು ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಎರಡೂವರೆಗೆ. ಟೆಂಪೋದವರು ಹಾಗೇ ಕರೆದುಕೊಂಡು ಹೋಗುವುದು. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಹಳೇಬೀಡಿನ ಬಾಗಿಲ ಮುಂದೆ ನಿಂತ ನಾವೆಲ್ಲರೂ ನೆರಳಿನಲ್ಲೇ ಇದ್ದೇವೆ. ನಾಲ್ಕನೆಯ ಸಲಕ್ಕೆ ಈಗ ತಯಾರಿ ನಡೆದಿದೆ, ಹಿಂದಿನ ರಾತ್ರಿಯೇ ಹೋಗಿ ಉಳಿಯುವ ಲೆಕ್ಕ. ನಾದಿನಿಗೆ ಇನ್ನೂ ಹೇಳಿಲ್ಲ.

ಒಂದು ವಿಷಯ ಉಳಿದಿದೆ. ಬಾದಾಮಿಯಲ್ಲಿ ಕಲ್ಲಿನ ಮೇಲೆ ನಿಂತ ಆ ಹೆಂಗಸಿನ ಫೋಟೊವನ್ನು ಇಲ್ಲಿಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದ್ದೇನೆ, ದೊಡ್ಡ ಸೈಜು. ಅವರಿಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ, ವಿಳಾಸ ಕೇಳಲು ಮರೆತೆ. ಮುಂದಿನ ತಿಂಗಳು ನಮ್ಮ ಆಫೀಸಿನವರ ಮಗಳು ಕಾಲೇಜಿನ ಟೂರಿನಲ್ಲಿ ಆ ಕಡೆ ಹೋಗುತ್ತಿದ್ದಾಳೆ. ಲಕೋಟೆ ಅವಳ ಕೈಗೆ ಕೊಟ್ಟಿದ್ದೇನೆ. ಮೇಲೆ ಹೀಗೆ ಬರೆದಿದ್ದೇನೆ: ‘ಅಗಸ್ತ್ಯ ತೀರ್ಥ, ಊರಿನ ಕಡೆಯ ಮೆಟ್ಟಿಲು, ತುದಿಯ ಕಲ್ಲು. ಬೆಳಿಗ್ಗೆ ಆರೂವರೆ. ಹಸಿರು ಬಕೆಟ್ಟು.’

ಇಂತಿ,
ನಿಮ್ಮ ಓದುಗಳು
ತಿಪಟೂರು